ಅಪ್ಪ ಅಳೆದ ಸಮುದ್ರ

ಕಡ್ಡಿಯಂತೆ ಒಣಗಿದ್ದರೂ ಬಂದರಿನವರೆಲ್ಲ ಅವಳನ್ನು ಕರೆಯುತ್ತಿದ್ದುದು ಉಬ್ಬರದಕ್ಕ ಎಂದೇ. ಸಮುದ್ರದ ಉಬ್ಬರ ಇಳಿತ ಅಳೆಯುವ ಕೆಲಸ ಮೊದಲು ಅವಳಪ್ಪನದು, ಆಮೇಲೆ ಮೂವತ್ತೊಂದು ವರ್ಷ ಅವಳದು. ಜೆಟ್ಟಿಯ ತುದಿಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಉಸಿರಾಡಲೂ ಜಾಗವಿಲ್ಲದ ಕೋಣೆ. ನೆಲದಲ್ಲೊಂದು ಬಾವಿ, ಅದರೊಳಗೆ ಸಮುದ್ರದ ನೀರು, ನೀರಿನ ಮೇಲೆ ತಾಮ್ರದ ತೇಲುಗುಂಡು. ಗುಂಡು ಏರಿಳಿದಂತೆ, ಗಡಿಯಾರದ ಜೊತೆ ತಿರುಗುವ ಉರುಳೆಯ ಕಾಗದದ ಮೇಲೆ ಪೆನ್ನು ಗೆರೆ ಎಳೆಯುತ್ತಿತ್ತು. ಸೋಮವಾರ ಕೀಲಿ ಕೊಟ್ಟು ಕಾಗದ ಬದಲಿಸಬೇಕು. ಹೊರಗೆ ಗೋಡೆಗೆ ಹೊಡೆದ ಅಳತೆಪಟ್ಟಿಯನ್ನು ದಿನಾ ಓದಿ, ಪೆನ್ನು ಹೇಳುವುದು ಸರಿಯೋ ಎಂದು ತಾಳೆ ನೋಡಬೇಕು. ಚಿಕ್ಕವಳಿದ್ದಾಗ ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಅಲ್ಲೇ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು. ಶಾಯಿ, ಎಣ್ಣೆ, ಉಪ್ಪುನೀರು ಕಲೆತ ಆ ವಾಸನೆ ನಿವೃತ್ತಿಯಾಗಿ ಏಳು ವರ್ಷವಾದರೂ ಮೂಗಿನಿಂದ ಹೋಗಿರಲಿಲ್ಲ.

ಒಂದು ಬೆಳಿಗ್ಗೆ ಸಾಗರ ಸಂಶೋಧನಾಲಯದ ಹುಡುಗಿಯೊಬ್ಬಳು ಸುರುಳಿ ಕಾಗದ ಹೊತ್ತು ಬಾಗಿಲು ತಟ್ಟಿದಳು. ಸಮುದ್ರಮಟ್ಟ ಎಷ್ಟು ಏರಿದೆ ಎಂದು ಹಳೆಯ ದಾಖಲೆಗಳಿಂದ ಕಂಡುಹಿಡಿಯುವುದು ಅವಳ ಕೆಲಸ.

"ಅಮ್ಮ, ಈ ವರ್ಷ ನೋಡಿ. ಒಂದೇ ವಾರದಲ್ಲಿ ನೀರು ಒಂಬತ್ತು ಸೆಂಟಿಮೀಟರ್ ಮೇಲೆ ಬಂದು ಅಲ್ಲೇ ಕೂತಿದೆ. ಅಳೆದವರೇ ಎಡವಟ್ಟು ಮಾಡಿದಾರೆ, ಅದಕ್ಕಿಂತ ಹಿಂದಿನ ಇಪ್ಪತ್ತೆರಡು ವರ್ಷ ಬಿಟ್ಟುಬಿಡು ಅಂತಾರೆ ನಮ್ಮ ಸರ್."

ಆ ಇಪ್ಪತ್ತೆರಡೂ ಅಪ್ಪನ ವರ್ಷಗಳು.

"ಸಮುದ್ರ ಏರಲಿಲ್ಲಮ್ಮ, ಪಟ್ಟಿ ಇಳೀತು," ಎಂದಳು ಉಬ್ಬರದಕ್ಕ.

ಆಗ ಅವಳಿಗೆ ಹದಿನೇಳು. ಸರಕು ದೋಣಿಯೊಂದು ಗುದ್ದಿ ಹಳೆಯ ಪಟ್ಟಿ ಮುರಿದಿತ್ತು. ಕಚೇರಿ ಕಳಿಸಿದ ಮೇಸ್ತ್ರಿ, ಅಪ್ಪ ಬರುವಷ್ಟರಲ್ಲಿ ಕಬ್ಬಿಣದ ಹೊಸ ಪಟ್ಟಿಯನ್ನು ಕಣ್ಣಳತೆಯಲ್ಲೇ ಕೂರಿಸಿ ಹೋಗಿದ್ದ. ಅಪ್ಪ ಅವಳ ಕೈಗೆ ದಾರದ ತುದಿ ಕೊಟ್ಟು, ಬಂದರಿನ ಉಗ್ರಾಣದ ಮೆಟ್ಟಿಲಲ್ಲಿ ಎತ್ತರ ಅಳೆಯಲೆಂದೇ ಸರ್ವೆಯವರು ಕೊರೆದಿದ್ದ ಗುರುತಿನಿಂದ ಅಳೆದ. ಪಟ್ಟಿ ಒಂಬತ್ತು ಸೆಂಟಿಮೀಟರ್ ಕೆಳಗಿತ್ತು. ಕಚೇರಿಗೆ ಬರೆದ. ಉತ್ತರವಾಗಿ ಬಂದಿದ್ದು ಬೈಗುಳ: ತಿದ್ದಲು ನೀನ್ಯಾರು? ಪಟ್ಟಿ ಹೇಳಿದಷ್ಟಕ್ಕೆ ಪೆನ್ನು ಹೊಂದಿಸು.

"ಕಂಡದ್ದನ್ನೇ ಬರೆದೆ, ಆದರೆ ಕಂಡದ್ದೇ ಸುಳ್ಳು," ಎಂದು ಅಪ್ಪ ಸಾಯುವತನಕ ಗೊಣಗಿದ.

ಹುಡುಗಿ ಎದ್ದು ನಿಂತಳು. "ಆ ಗುರುತು ಈಗಲೂ ಇದೆಯಾ?"

ಉಗ್ರಾಣ ಈಗ ಟೈರ್ ಅಂಗಡಿ. ಮೆಟ್ಟಿಲಿಗೆ ಸಿಮೆಂಟ್ ಮೆತ್ತಿದ್ದರು.

"ಇದರೊಳಗೇನು ಚಿನ್ನ ಇದೆಯಾ?" ಎಂದ ಅಂಗಡಿಯವ.

"ಚಿನ್ನ ಆಗಿದ್ರೆ ನಿನ್ನ ಕೇಳಿ ಅಗೀತಿದ್ನೇನಪ್ಪ?"

ಅವನು ನಕ್ಕು ತಾನೇ ಉಳಿ ತಂದ. ಮೂರನೆಯ ಮೆಟ್ಟಿಲಲ್ಲಿ ಬಾಣದ ಗುರುತು ಕಂಡಿತು. ಹುಡುಗಿ ಮುಕ್ಕಾಲಿಯ ಮೇಲೆ ಯಂತ್ರವಿಟ್ಟು, ಅಲ್ಲಿಂದ ಜೆಟ್ಟಿಯ ಗೋಡೆಯಲ್ಲಿ ಇನ್ನೂ ಇದ್ದ ಕಬ್ಬಿಣದ ಪಟ್ಟಿಯ ಸೊನ್ನೆಯವರೆಗಿನ ಎತ್ತರ ತೆಗೆದಳು. ಮುರಿದ ಪಟ್ಟಿಯ ಎತ್ತರ ಹಳೆಯ ಕಡತದಲ್ಲಿತ್ತು. ಒಂದರಿಂದ ಇನ್ನೊಂದನ್ನು ಕಳೆದಳು. ಒಂಬತ್ತು, ಮೇಲೆ ಕೂದಲೆಳೆಯಷ್ಟು.

ಉಬ್ಬರದಕ್ಕ ಅಲ್ಲಿದ್ದ ಟೈರಿನ ಮೇಲೇ ಕೂತುಬಿಟ್ಟಳು.

"ನೀರು ಬೇಕಾ ಅಮ್ಮ?"

"ಬೇಡ ಕಣೇ. ಅಪ್ಪ ಇರಬೇಕಿತ್ತು."

ಬಿಟ್ಟಿದ್ದ ಇಪ್ಪತ್ತೆರಡು ವರ್ಷ ದಾಖಲೆಗೆ ವಾಪಸು ಸೇರಿದವು. ಹುಡುಗಿಯ ಸರ್ ತಾವೇ ಫೋನ್ ಮಾಡಿ, ಕಾಗದಗಳ ಅಂಚಿನ ಕೋಳಿಕಾಲು ಅಕ್ಷರ ನಮಗ್ಯಾರಿಗೂ ಓದಲು ಬರೋದಿಲ್ಲ, ಬರ್ತೀರಾ ಎಂದು ಕೇಳಿದರು. ಈಗ ವಾರಕ್ಕೆ ಮೂರು ದಿನ ಉಬ್ಬರದಕ್ಕ ಓದುತ್ತಾಳೆ, ಹುಡುಗಿ ಕಂಪ್ಯೂಟರಿಗೆ ಹಾಕುತ್ತಾಳೆ. ಎಲ್ಲ ಅಪ್ಪನ ಟಿಪ್ಪಣಿಗಳು: ಗಾಳಿ ಜೋರು. ಶಾಯಿ ಮುಗಿದಿತ್ತು. ಗಡಿಯಾರ ನಿಂತಿತ್ತು.

ಮೊನ್ನೆ ಒಂದು ಸುರುಳಿಯಲ್ಲಿ ಗೆರೆ ಶುರುವಾಗುವ ಮೊದಲು ಒಂದಿಷ್ಟು ಜಾಗ ಖಾಲಿಯಿತ್ತು. ಪಕ್ಕದಲ್ಲಿ ಅಪ್ಪನ ಕೈಬರಹ: "ಮಗಳಿಗೆ ಜ್ವರ. ಕಾಗದ ಹಾಕಿದ್ದು ಎರಡು ಗಂಟೆ ತಡ."

ಆ ಜ್ವರ ಅವಳಿಗೆ ನೆನಪೇ ಇರಲಿಲ್ಲ. ಆಗ ಮೂರೋ ನಾಲ್ಕೋ ವರ್ಷವಿದ್ದೀತು.

"ಇದನ್ನೂ ಹಾಕಲಾ?" ಕೇಳಿದಳು ಹುಡುಗಿ.

"ಹಾಕಮ್ಮ," ಎಂದು ಕನ್ನಡಕ ಒರೆಸಿಕೊಂಡಳು ಉಬ್ಬರದಕ್ಕ. "ಆ ಎರಡು ಗಂಟೆ ಎಲ್ಲಿ ಹೋಯ್ತು ಅಂತ ನಾಳೆ ಯಾರಾದರೂ ಕೇಳ್ತಾರೆ."