ಗಂಜಿಪಾತ್ರೆಯ ಅಂಟು

ಕ್ಲಾಮತ್ ನದಿ ಸಮುದ್ರ ಸೇರುವ ಕಡೆ, ದಂಡೆಯ ಮೇಲಿನ ಮನೆಯಲ್ಲಿ ವಿಲ್ಬರ್ ಎಂಬ ಯುರೋಕ್ ಬುಡಕಟ್ಟಿನ ಮುದುಕ ಬಿಲ್ಲು ಮಾಡುತ್ತಿದ್ದ. ಆ ವರ್ಷ ಅವನ ಕೊಟ್ಟಿಗೆಯಲ್ಲಿದ್ದ ಮರ ಅವನದಾಗಿರಲಿಲ್ಲ. ಹೆಂಡತಿ ಲವೀನಾಳ ಅಣ್ಣ ಆರ್ನಿ ಬೆಟ್ಟದಲ್ಲಿ ಕಡಿದು, ವರ್ಷಗಟ್ಟಲೆ ನೆರಳಿನಲ್ಲಿ ಒಣಗಿಸಿಟ್ಟಿದ್ದ ಯೂ ಮರದ ಸೀಳು ಅದು. ಹಿಂದಿನ ಚಳಿಗಾಲದಲ್ಲಿ ಆರ್ನಿ ತೀರಿಕೊಂಡಿದ್ದ. ಬುಡಕಟ್ಟಿನವರ ಬರುವ ವರ್ಷದ ಪವಿತ್ರ ಕುಣಿತಕ್ಕೆ ಅವನ ಮಗ ಅದೇ ಮರದ ಬಿಲ್ಲು ಹಿಡಿದು ಇಳಿಯಬೇಕು, ಆಮೇಲೆ ಅದರಲ್ಲೇ ಬೇಟೆಯಾಡಬೇಕು ಎಂಬುದು ಲವೀನಾಳ ಆಸೆ. ಅಂಥ ಸೀಳು ಇನ್ನೊಂದಿರಲಿಲ್ಲ.

ಬಿಲ್ಲು ಬಾಗಿದಾಗ ಒಳಮೈ ಒತ್ತಿಕೊಳ್ಳುತ್ತದೆ, ಹೊರಮೈ, ಅಂದರೆ ಬೆನ್ನು, ಹಿಗ್ಗುತ್ತದೆ. ಯೂ ಮರ ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಹಿಗ್ಗುವುದರಲ್ಲಿ ಅಷ್ಟು ಗಟ್ಟಿಯಲ್ಲ. ಅದೂ ಸಾಲದೆಂಬಂತೆ, ಮರದ ಗಂಟಿನ ಪಕ್ಕದಲ್ಲಿ ವಿಲ್ಬರನ ಕತ್ತಿ ಬೆನ್ನಿನ ಒಂದು ವರ್ಷದ ಬೆಳವಣಿಗೆಯ ಬಳೆಯನ್ನು ಕೊಯ್ದುಹಾಕಿತ್ತು. ಸಿಬಿರು ಏಳುವುದಾದರೆ ಅಲ್ಲೇ ಏಳುತ್ತದೆ. ಬೆನ್ನಿಗೆ ಏನಾದರೂ ಅಂಟಿಸಲೇಬೇಕು. ಏನನ್ನು ಎಂಬುದೇ ಈಗ ಅವನ ತಲೆಬಿಸಿ.

ಜಿಂಕೆಯ ಬೆನ್ನುನರ ಎಲ್ಲಕ್ಕಿಂತ ಒಳ್ಳೆಯದೆಂದು ಅವನಿಗೆ ಗೊತ್ತಿತ್ತು. ಮರಕ್ಕಿಂತ ಎಷ್ಟೋ ಹೆಚ್ಚು ಹಿಗ್ಗಿ, ಬಿಟ್ಟೊಡನೆ ಮರಳುತ್ತದೆ. ಆದರೆ ನರ ಕಟ್ಟಲು ಇಬ್ಬರು ಬೇಕು. ಒಬ್ಬರು ಎಳೆಗಳನ್ನು ಬಿಸಿ ಅಂಟಿನಲ್ಲಿ ಅದ್ದಿ, ಬಾಚಿ ಕೊಡುತ್ತಿರಬೇಕು. ಇನ್ನೊಬ್ಬರು ಅಂಟು ಹೆಪ್ಪುಗಟ್ಟುವ ಮೊದಲು ಸಾಲು ಸಾಲಾಗಿ ಕೂರಿಸಬೇಕು. ಇಷ್ಟು ವರ್ಷ ಆ ಇನ್ನೊಂದು ಜೊತೆ ಕೈ ಲವೀನಾಳದು. ಈಗ ಅವಳು ಅವನ ಜೊತೆ ಮಾತು ಬಿಟ್ಟಿದ್ದಳು.

ತಪ್ಪು ಅವನದೇ. ಅಂಟು ಕಾಯಿಸುವ ಡಬ್ಬ ತೂತಾಗಿತ್ತೆಂದು, ಸ್ಟರ್ಜನ್ ಮೀನಿನ ತೊಗಲನ್ನು ಅವಳ ಪಾತ್ರೆಯಲ್ಲಿ ಬೇಯಿಸಿಬಿಟ್ಟಿದ್ದ. ಓಕ್ ಕಾಯಿಯ ಗಂಜಿಗೆಂದೇ ಅವಳು ಎತ್ತಿಟ್ಟಿದ್ದ ಪಾತ್ರೆ; ಅದರಲ್ಲಿ ಬೇರೇನೂ ಬೇಯುತ್ತಿರಲಿಲ್ಲ. ಅವಳು ಮುಚ್ಚಳ ತೆಗೆದು ಮೂಸಿ, ಮುಚ್ಚಿ, “ಇನ್ಮೇಲೆ ಗಂಜಿ ಬೇಡ ನಿಂಗೆ, ಅಂಟೇ ಕುಡ್ಕೊಂಡಿರು” ಎಂದಿದ್ದಳು. ಅದೇ ಕೊನೆಯ ಮಾತು.

ಕುಣಿತಕ್ಕೆ ಹೋಗುವ ವಸ್ತುವನ್ನು ಸಿಟ್ಟಿನಲ್ಲಿ ಮುಟ್ಟಬಾರದು. ಸಿಟ್ಟು ಕೈಯಿಂದ ವಸ್ತುವಿಗೆ ಇಳಿಯುತ್ತದೆ, ಅದನ್ನು ಹಿಡಿದವನ ಜೊತೆ ಕುಣಿತಕ್ಕೂ ಹೋಗುತ್ತದೆ. ಆದ್ದರಿಂದ ಬಾ ಎಂದು ಕರೆಯಲು ವಿಲ್ಬರನಿಗೆ ಬಾಯಿ ಬರಲಿಲ್ಲ. ಇತ್ತ ಮಳೆ, ಮಂಜು ಹಿಡಿಯುವುದರೊಳಗೆ ನರ ಕಟ್ಟಬೇಕು. ಒದ್ದೆ ಗಾಳಿಯಲ್ಲಿ ಅದು ಒಣಗುವುದಿಲ್ಲ.

ಒಬ್ಬನೇ ಮಾಡಬಹುದಾದದ್ದನ್ನು ಹುಡುಕಿದ. ಬೇರೆ ಮರದ ತೆಳ್ಳನೆಯ ಪಟ್ಟಿಗಳನ್ನು ಕೊಯ್ದು, ಒಂದಕ್ಕೆ ಅಗಸೆನಾರಿನ ಬಟ್ಟೆ, ಇನ್ನೊಂದಕ್ಕೆ ಹದ ಮಾಡದ ಹಸಿ ತೊಗಲು ಅಂಟಿಸಿ, ಒಣಗಿದ ಮೇಲೆ ಬಾಗಿಸಿ ನೋಡಿದ. ಬಟ್ಟೆಯ ಅಡಿಯಲ್ಲಿ ಮರ ಬೇಗನೆ ಬಿರಿಯಿತು. ತೊಗಲು ಹೆಚ್ಚು ತಾಳಿತು, ಸಿಬಿರು ಏಳದಂತೆ ಅದುಮಿಟ್ಟಿತು; ಆದರೆ ಬಾಗುವ ಬಲವನ್ನು ತಾನು ಹೊರಲಿಲ್ಲ. ಉದ್ದನೆಯ ಬಿಲ್ಲಿಗೆ ಅದು ಸಾಕು. ಆರ್ನಿಯ ಸೀಳು ಗಿಡ್ಡದು, ಗಿಡ್ಡ ಬಿಲ್ಲು ಹೆಚ್ಚು ಬಾಗಬೇಕು. ಆದರೂ ಅವನು ತೊಗಲನ್ನು ನೀರಿನಲ್ಲಿ ನೆನೆಹಾಕಿದ.

ಲವೀನಾ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು.

“ತೊಗಲು ಹಚ್ತೀಯಾ, ನಮ್ಮಣ್ಣನ ಮರಕ್ಕೆ?”

“ಒಬ್ಬನ ಕೈಲಿ ಆಗೋದು ಅದೇ.”

“ಒಬ್ಬನೇ ಮಾಡು ಅಂತ ಯಾರು ಹೇಳಿದ್ರು?”

ಅವಳ ಕೈಯಲ್ಲಿ ಬಟ್ಟೆಯ ಗಂಟಿತ್ತು. ಬಿಚ್ಚಿದಳು. ಕೂದಲಿನಷ್ಟು ಸಣ್ಣಗೆ ಸೀಳಿ, ಉದ್ದಕ್ಕೆ ತಕ್ಕಂತೆ ಬೇರೆ ಬೇರೆ ಕಟ್ಟಿದ ನರದ ಎಳೆಗಳು. ಇಡೀ ಬೆನ್ನಿಗೆ ಸಾಕಾಗುವಷ್ಟು. ಅವನು ಒಂದು ಎಳೆಯನ್ನು ಎತ್ತಿ ಬೆಳಕಿಗೆ ಹಿಡಿದ.

“ಇಷ್ಟು ದಿನ ಸಿಟ್ಟಲ್ಲಿ ಇದ್ದೆಯಲ್ಲೇ” ಎಂದ, ಹೆದರಿ.

“ಸಿಟ್ಟು ನಿನ್ ಮೇಲೆ ಕಣೋ ಮುದುಕಾ. ಇದನ್ನ ಕೈಗೆ ತಗೊಂಡಾಗ ಅಣ್ಣನ್ನ ಬಿಟ್ಟು ಬೇರೇನೂ ನೆನೆಸ್ಕೊಂಡಿಲ್ಲ. ಅಂಟು ಬಿಸಿ ಮಾಡು. ಹೇಗೂ ಕೆಟ್ಟಿದೆ, ಅದೇ ಪಾತ್ರೇಲಿ ಮಾಡು.”

ಅಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳು ಅದ್ದಿ, ಬಾಚಿ ಕೊಟ್ಟಳು, ಅವನು ಕೂರಿಸಿದ. ಗಂಟಿನ ಪಕ್ಕದ ಗಾಯದ ಮೇಲೆ ಅತಿ ಉದ್ದನೆಯ ಎಳೆಗಳು ಹಾಯುವಂತೆ ನೋಡಿಕೊಂಡರು. ಮಾತು ಕಡಿಮೆ, ಇದ್ದದ್ದೂ ಆರ್ನಿಯದೇ: ದೋಣಿಯಲ್ಲಿ ನಿದ್ದೆ ಹೋಗಿ ಅಳಿವೆಯ ಬಾಯಿವರೆಗೆ ತೇಲಿಹೋದದ್ದು, ಹಿಡಿದ ಮೀನಿನ ಅಳತೆ ಹೇಳುವಾಗ ಕೈ ಅಗಲಿಸುತ್ತಲೇ ಹೋಗುತ್ತಿದ್ದದ್ದು. ಲವೀನಾ ನಕ್ಕಳು, ಆಮೇಲೆ ಮೊಣಕೈಯಿಂದ ಕಣ್ಣೊರೆಸಿಕೊಂಡಳು. ಅಂಟಿನ ಬೆರಳು ತಾಗಬಾರದಲ್ಲ.

ಚಳಿಗಾಲವೆಲ್ಲ ಬಿಲ್ಲು ಅಡುಗೆಮನೆಯ ಒಲೆಯ ಮೇಲೆ ತೂಗಿತು. ಮನೆಯಲ್ಲಿ ಒಣ ಜಾಗ ಅದೊಂದೇ.

ವಸಂತದಲ್ಲಿ ವಿಲ್ಬರ್ ಹೆದೆ ಏರಿಸಿ, ಸ್ವಲ್ಪಸ್ವಲ್ಪವೇ ಎಳೆದ. ಲವೀನಾ ಗಂಟಿನ ಹತ್ತಿರ ಕಿವಿಯಿಟ್ಟು ನಿಂತಿದ್ದಳು. ಪೂರ್ತಿ ಎಳೆದರೂ ಮರ ಚಿಟ್ ಎನ್ನಲಿಲ್ಲ.

“ಸುಮ್ನಿದೆ” ಎಂದಳು ಅವಳು. ಒಳಗೆ ಹೋಗಿ ಗಂಜಿ ಬಡಿಸಿ ತಂದಳು. ಉಜ್ಜಿ ಉಜ್ಜಿ ತೊಳೆದ ಅದೇ ಪಾತ್ರೆಯ ಗಂಜಿ. ಅದರಲ್ಲಿ ಇನ್ನೂ ಸ್ವಲ್ಪ ಮೀನಿನ ವಾಸನೆಯಿತ್ತು. ವಿಲ್ಬರ್ ಪೂರ್ತಿ ಕುಡಿದು, ಬಟ್ಟಲನ್ನು ಮತ್ತೆ ಮುಂದೆ ಹಿಡಿದ.