ಭಾವನ ಕಸಿ ಚಾಕು

ನನ್ನ ಅಕ್ಕನ ಗಂಡ ತರೀಕೆರೆ ಹತ್ತಿರದ ಒಂದು ನರ್ಸರಿಯಲ್ಲಿ ಮೂವತ್ತು ವರ್ಷ ಕಸಿ ಕಟ್ಟುವ ಕೆಲಸ ಮಾಡಿದವರು. ಅವರ ಹತ್ತಿರ ನಾಲ್ಕು ಚಾಕುಗಳಿದ್ದವು. ನಾಲ್ಕೂ ಮಡಚಿ ಜೇಬಿಗೆ ಹಾಕಿಕೊಳ್ಳುವಂಥವು, ನಾಲ್ಕೂ ಹೊರದೇಶದ ಉಕ್ಕು. ಒಂದೊಂದನ್ನೂ ಒಂದೊಂದು ಕಾಲದಲ್ಲಿ, ಮನೆಗೆ ಬೇಕಾದ ಬೇರೆ ಏನನ್ನೋ ಬಿಟ್ಟು ಕೊಂಡದ್ದು. ಅಕ್ಕ ಅದನ್ನು ಮರೆತವಳಲ್ಲ. "ನನ್ ಕಿವಿ ಓಲೆ ನಿಮ್ ಭಾವನ ಜೇಬಲ್ಲೈತೆ ನೋಡು" ಎಂದು ನಗುತ್ತಲೇ ಚುಚ್ಚುತ್ತಿದ್ದಳು.

ನನ್ನದು ಕಡೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಪಂಚನಹಳ್ಳಿ, ಸಿಂಗಟಗೆರೆ ಕಡೆಯಿಂದ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳು ಬರುತ್ತವೆ, ತಾಮ್ರದ ತಂತಿ ಸುತ್ತಿ ಕಳಿಸುತ್ತೇನೆ. ಚಾಕುವಿಗೂ ನನಗೂ ಸಂಬಂಧವಿರಲಿಲ್ಲ. ಒಂದು ದಿನ ಭಾವ ಅಂಗಡಿಗೆ ಬಂದು, ಹಿತ್ತಾಳೆ ಕಟ್ಟು ಹಾಕಿದ ಮರದ ಹಿಡಿಯ ಚಾಕೊಂದನ್ನು ಮೇಜಿನ ಮೇಲಿಟ್ಟರು. ಅಲಗು ಅಲ್ಲಾಡುತ್ತಿತ್ತು. "ರಿವಿಟ್ ಸ್ವಲ್ಪ ಬಡೀಬೇಕು ಕಣೋ. ಸ್ವಲ್ಪ ಅಂದ್ರೆ ಸ್ವಲ್ಪಾನೇ" ಅಂದರು. ನಾನು ಮೋಟಾರಿನ ಬೇರಿಂಗಿಗೆ ಬಡಿಯುವ ಸುತ್ತಿಗೆಯಿಂದಲೇ ಒಂದು ಏಟು ಹಾಕಿದೆ. ಚಾಕು ಕಚ್ಚಿಕೊಂಡಿತು, ತೆಗೆಯಲು ಬಾರದಷ್ಟು.

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಹೊಲಿಗೆ ಮಿಷನ್ನಿನ ಎಣ್ಣೆ ಕೇಳಿದರು, ಸ್ಟೂಲಿನ ಮೇಲೆ ಕೂತರು, ಒಂದು ತೊಟ್ಟು ಬಿಟ್ಟು ಅಲಗನ್ನು ಒಂದಿಷ್ಟು ಬಿಚ್ಚುವುದು, ಮಡಚುವುದು, ಮತ್ತೆ ಬಿಚ್ಚುವುದು. ಮಧ್ಯಾಹ್ನದ ಊಟದ ಹೊತ್ತಾದರೂ ಏಳಲಿಲ್ಲ. ಕೊನೆಗೆ ಅದು ಟಕ್ ಎಂದು ಸರಿಯಾಗಿ ಕೂತಾಗ ನನ್ನ ಕೈಗೆ ಕೊಟ್ಟು, "ಕೇಳಿಸ್ತಾ? ಈ ಸದ್ದು ಇರ್ಬೇಕು. ಇಲ್ಲಾಂದ್ರೆ ಇದು ಚಾಕೂನೇ ಅಲ್ಲ" ಅಂದರು.

ಅಲ್ಲಿಂದ ಅವರ ಚಾಕುಗಳ ರಿಪೇರಿ ನನ್ನದಾಯಿತು. ಅವರು ಹೇಳಿಕೊಟ್ಟಿದ್ದು ಬಹಳ. ಕೀಲಿಗೆ ಕೊಬ್ಬರಿ ಎಣ್ಣೆ ಬಿಟ್ಟರೆ ನಾಲ್ಕು ದಿನಕ್ಕೆ ಗೋಂದಾಗುತ್ತದೆ. ಮಾವಿನ ಸೊನೆ, ಸಪೋಟದ ಹಾಲು ಅಲಗಿನ ಮೇಲೆ ಒಣಗಲು ಬಿಡಬಾರದು, ಆಗಿಂದಾಗಲೇ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಬೇಕು. ಹಿಡಿಯ ಸಂದಿಗೆ ಕೆಮ್ಮಣ್ಣು ಹೋದರೆ ಊದಿ ತೆಗೆಯಬಾರದು, ಬಾಯಿಯ ತೇವ ಒಳಗೆ ಸೇರಿ ತುಕ್ಕಾಗುತ್ತದೆ. ಹಲ್ಲುಜ್ಜುವ ಹಳೆ ಬ್ರಶ್ಶಿನಿಂದ ತೆಗೆಯಬೇಕು. ಕಸಿ ಚಾಕುವಿನ ಅಲಗನ್ನು ಒಂದೇ ಮಗ್ಗುಲಿಗೆ ಮಸೆಯಬೇಕು, ಇನ್ನೊಂದು ಮಗ್ಗುಲು ಹಲಗೆಯ ಹಾಗೆ ಸಪಾಟಾಗಿರಬೇಕು. "ಎರಡೂ ಕಡೆ ಮಸೆದ್ರೆ ಕಸಿ ಕಡ್ಡೀಲಿ ಗುಂಡಿ ಬೀಳುತ್ತೆ ಕಣೋ. ಗುಂಡಿ ಬಿದ್ದಿದ್ದು ಸಸಿಗೆ ಕೂಡಲ್ಲ" ಅನ್ನುತ್ತಿದ್ದರು.

ಒಮ್ಮೆ ನನ್ನನ್ನೂ ಅಜ್ಜಂಪುರದ ಕಡೆಯ ಒಂದು ತೋಟಕ್ಕೆ ಕರೆದುಕೊಂಡು ಹೋಗಿದ್ದರು. ಆಗ ಅವರು ನಿವೃತ್ತರಾಗಿದ್ದರೂ ಜನ ಬಿಡುತ್ತಿರಲಿಲ್ಲ. ನನ್ನ ಬೈಕಿನ ಹಿಂದೆ ಕೂತು, ಒದ್ದೆ ಗೋಣಿಯಲ್ಲಿ ಸುತ್ತಿದ್ದ ಮಾವಿನ ಕಡ್ಡಿಗಳನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದರು. ತೋಟದಲ್ಲಿ ಕುಕ್ಕರುಗಾಲಲ್ಲಿ ಕೂತು ಕಡ್ಡಿಯ ತುದಿಯನ್ನು ಒಂದೇ ಎಳೆತಕ್ಕೆ ಓರೆಯಾಗಿ ಕೊಯ್ದರು. ಪಾಕೆಟ್ಟಿನ ಸಸಿಯ ಕಾಂಡವನ್ನೂ ಹಾಗೆಯೇ ಕೊಯ್ದು, ಎರಡನ್ನೂ ಕೂಡಿಸಿ ಸೂರ್ಯನಿಗೆ ಹಿಡಿದು ತೋರಿಸಿದರು. ನಡುವೆ ಬೆಳಕು ಬರುತ್ತಿರಲಿಲ್ಲ. ಒಂದು ಸಲ ಕೊಯ್ದಿದ್ದನ್ನು ಅವರು ಎರಡನೇ ಸಲ ತಿದ್ದಿದ್ದನ್ನು ನಾನು ಆ ದಿನ ನೋಡಲಿಲ್ಲ.

ಅವರ ಕೈ ನಡುಗಲು ಶುರುವಾದದ್ದು ಯಾವಾಗ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ನನಗೆ ಗೊತ್ತಾದದ್ದು ಅಂಗಡಿಯಲ್ಲಿ. ಅವರಿಗೆ ಎಲ್ಲಕ್ಕಿಂತ ಇಷ್ಟವಾದ ಚಾಕು, ಆ ಹಿತ್ತಾಳೆ ಕಟ್ಟಿನದು, ಅದನ್ನೇ ತಂದಿದ್ದರು. "ಯಾಕೋ ಬಿಗಿಯಾಗೈತೆ. ಒಸಿ ನೋಡು" ಅಂದರು. ನಾನು ತೆಗೆದು ನೋಡಿದೆ. ಬಿಗಿ ಇರಲಿಲ್ಲ. ಅಲಗಿನ ಮೇಲೆ ಉಗುರು ಸಿಕ್ಕಿಸಲು ಒಂದು ಗೀರು ಇರುತ್ತದೆ, ಅಲ್ಲಿ ಹೆಬ್ಬೆರಳಿಟ್ಟದ್ದೇ ತಡ, ಅಲಗು ಬೆಣ್ಣೆಯ ಹಾಗೆ ಬಂತು. ತಲೆಯೆತ್ತಿ ಅವರನ್ನು ನೋಡಿದೆ. ಅವರು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ರಸ್ತೆಯ ಕಡೆ ನೋಡುತ್ತಿದ್ದರು.

"ಹೌದು ಭಾವ, ಸ್ವಲ್ಪ ಬಿಗಿ ಇದೆ" ಅಂದೆ.

ಆ ಮಾತನ್ನು ಹೇಳದೆ ಇದ್ದಿದ್ದರೆ ಎಂದು ಆಮೇಲೆ ಎಷ್ಟು ಸಲ ಅನ್ನಿಸಿದೆಯೋ. ಆದರೆ ಆ ಹೊತ್ತಿಗೆ ಅದು ಮರ್ಯಾದೆಯ ಮಾತು ಅನ್ನಿಸಿತ್ತು. ಹಿಡಿಯ ಬೆನ್ನಿನೊಳಗೆ ಒಂದು ಉಕ್ಕಿನ ಪಟ್ಟಿ ಇರುತ್ತದೆ, ಅದೇ ಸ್ಪ್ರಿಂಗು. ಅಲಗು ಬಿಚ್ಚಿದಾಗ ಅದನ್ನು ತಡೆದು ನಿಲ್ಲಿಸುವುದೂ ಅದೇ; ಆ ಚಾಕುವಿಗೆ ಬೇರೆ ಲಾಕ್ ಇರಲಿಲ್ಲ. ನಾನು ರಿವಿಟ್ ತೆಗೆದು, ಪಟ್ಟಿಯನ್ನು ಎಮರಿ ಚಕ್ರಕ್ಕೆ ಹಿಡಿದು ಚೂರು ತೆಳು ಮಾಡಿದೆ. ಮುಂದಿನ ವಾರ ಭಾವ ಅದನ್ನು ಒಂದೇ ಸಲಕ್ಕೆ ಬಿಚ್ಚಿದರು. ಮುಖ ಅರಳಿತು. ಎರಡು ತಿಂಗಳಾದ ಮೇಲೆ ಮತ್ತೆ ಬಂದರು. ಮತ್ತೆ "ಬಿಗಿ" ಅಂದರು. ಮತ್ತೆ ಉಜ್ಜಿದೆ. ಹೀಗೆ ನಾಲ್ಕು ಸಲವೋ ಐದು ಸಲವೋ. ಕೊನೆಕೊನೆಗೆ ಆ ಚಾಕು ಟಕ್ ಅನ್ನುತ್ತಲೇ ಇರಲಿಲ್ಲ. ಭಾವ ಅದರ ಬಗ್ಗೆ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಶಿವಮೊಗ್ಗದ ಡಾಕ್ಟರು ಅದು ನರದ ಕಾಯಿಲೆ, ಮಾತ್ರೆಯಿಂದ ಸ್ವಲ್ಪ ಹಿಡಿತಕ್ಕೆ ಬರಬಹುದು, ವಾಸಿಯಾಗುವುದಿಲ್ಲ ಎಂದು ಹೇಳಿ ಕಳಿಸಿದ ತಿಂಗಳಲ್ಲೇ ಅದು ಆದದ್ದು. ಅಮೃತಾಪುರದ ಅವರ ಮನೆಯ ಹಿತ್ತಿಲಲ್ಲಿ ಒಂದು ಸೀಬೆ ಗಿಡವಿತ್ತು. ಬೆಳಿಗ್ಗೆ ಆ ಹಿತ್ತಾಳೆ ಕಟ್ಟಿನ ಚಾಕು ಹಿಡಿದು ಅದರ ಒಣಗಿದ ರೆಂಬೆಯೊಂದನ್ನು ತೆಗೆಯಲು ಹೋಗಿದ್ದಾರೆ. ಅಲಗಿನ ತುದಿಯನ್ನು ಗಂಟಿಗೆ ಒತ್ತಿದಾಗ ಚಾಕು ಅವರ ಕೈಯ ಮೇಲೇ ಮಡಚಿಕೊಂಡಿತು. ತೋರುಬೆರಳು ಮೂಳೆಯ ತನಕ ಕೊಯ್ದುಹೋಯಿತು.

ಫೋನು ಬಂದಾಗ ನಾನು ತರೀಕೆರೆ ಆಸ್ಪತ್ರೆಗೆ ಓಡಿದೆ. ಹೊಲಿಗೆ ಹಾಕಿ ಮುಗಿಸಿದ್ದರು. ಬೆರಳಿನ ನರ ತುಂಡಾಗಿದೆ, ಇನ್ನು ಅದು ಮಡಚಲು ಬರುವುದಿಲ್ಲ ಅಂದರು. ಭಾವ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ, "ಕೈ ಹೋಯ್ತು ಕಣೋ. ಹಿಡಿಯೋಕೇ ಬರ್ಲಿಲ್ಲ" ಅಂದರು. ನಾನು ಅವರ ಪಕ್ಕ ಕೂತೆ.

ಅಕ್ಕ ನನ್ನನ್ನು ಆಸ್ಪತ್ರೆಯ ಹೊರಗಿನ ಹುಣಸೆಮರದ ಹತ್ತಿರ ಕರೆದುಕೊಂಡು ಹೋದಳು. ಸೆರಗಿನ ಮೇಲೆ ರಕ್ತ ಒಣಗಿತ್ತು.

"ಆ ಚಾಕುಗಳು ಇನ್ನು ಮನೇಲಿ ಇರಂಗಿಲ್ಲ" ಅಂದಳು. "ನಾನು ಕೇಳಿದ್ರೆ ಕೊಡಲ್ಲ. ನೀನಾದ್ರೆ ಕೊಡ್ತಾರೆ. ಸರ್ವೀಸು ಅಂತ ಹೇಳಿ ನಾಲ್ಕನ್ನೂ ತಗಂಡೋಗು. ವಾಪಸ್ ತರಬ್ಯಾಡ."

"ಅಕ್ಕ, ಅವರನ್ನ ಹಂಗೆ ಮೋಸ ಮಾಡೋದಾ?"

"ಮೋಸ ಅಂದ್ಕೋ, ಏನಾದ್ರೂ ಅಂದ್ಕೋ. ರಕ್ತ ಒರೆಸಿದ್ದು ನಾನು."

ನಾಲ್ಕನ್ನೂ ತಂದೆ. ಭಾವ ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ ತಾವೇ ಕೊಟ್ಟರು, ಯಾವುದಕ್ಕೆ ಏನಾಗಬೇಕು ಎಂದೂ ಹೇಳಿದರು. ಆಮೇಲೆ ನಾನು ಹೋದಾಗಲೆಲ್ಲ ಅದೇ ಪ್ರಶ್ನೆ: "ಸರ್ವೀಸು ಆಯ್ತೇನಪ್ಪಾ?" ಒಮ್ಮೆ ರಿವಿಟ್ ಸಿಗಲಿಲ್ಲ ಅಂದೆ. ಒಮ್ಮೆ ಬೇಸಿಗೆ ಸೀಸನ್ನು, ಮೋಟಾರುಗಳು ರಾಶಿ ಬಿದ್ದಿವೆ ಅಂದೆ. ಅವರು ತಲೆಯಾಡಿಸುತ್ತಿದ್ದರು. ನಾನು ಹೋಗುವುದು ಕಡಿಮೆಯಾಯಿತು.

ಒಂದು ಸಂಜೆ ಹೋದಾಗ ಅಕ್ಕ ಡೇರಿಗೆ ಹಾಲು ಹಾಕಲು ಹೊರಟಿದ್ದಳು. ಭಾವ ಒಬ್ಬರೇ ಜಗಲಿಯ ಮೇಲೆ, ಮಡಚದ ಆ ಬೆರಳನ್ನು ನೀವಿಕೊಳ್ಳುತ್ತ ಕೂತಿದ್ದರು. ನಾನೇನೂ ಕೇಳಿರಲಿಲ್ಲ, ಅವರೇ ಶುರು ಮಾಡಿದರು. "ಮೂವತ್ತು ವರ್ಷ ಹಿಡ್ದಿದ್ ಕೈ ಕಣೋ. ಒಂದು ಸೀಬೆ ಕಡ್ಡಿಗೆ ಸೋತೋಯ್ತಲ್ಲ. ಎಲ್ರೂ ಕಾಯ್ಲೆ ಅಂತಾರೆ. ನಂಗೆ ನಾಚ್ಕೆ ಆಗುತ್ತೆ."

ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಸ್ಪ್ರಿಂಗ್ ಉಜ್ಜಿದ್ದು, ಎಷ್ಟು ಸಲ ಉಜ್ಜಿದ್ದು, ಚಾಕು ಮೊದಲಿಂದಲೂ ಬಿಗಿ ಇರಲೇ ಇಲ್ಲ ಅನ್ನುವುದು, ಎಲ್ಲ. "ಅದು ಮಡಚಿಕೊಂಡಿದ್ದು ನನ್ನಿಂದ, ಭಾವ. ನಿಮ್ಮ ಕೈಯಿಂದ ಅಲ್ಲ."

ಸಿಟ್ಟಾಗುತ್ತಾರೆ, ಇಲ್ಲವೇ ಅಳುತ್ತಾರೆ ಎಂದು ಕಾದೆ. ಅವರು ಬೆರಳು ನೀವುವುದನ್ನು ನಿಲ್ಲಿಸಿದರು. ಆಮೇಲೆ ಮುಂದಕ್ಕೆ ಬಾಗಿ, ದನಿ ತಗ್ಗಿಸಿ, "ಹಂಗಾದ್ರೆ ನನ್ ಕೈದೇನೂ ತಪ್ಪಿರ್ಲಿಲ್ಲ ಅನ್ನು" ಅಂದರು.

ಅವರ ಕಣ್ಣಲ್ಲಿ ಇದ್ದದ್ದು ಖುಷಿ. ನಾನು ಅದನ್ನು ಎಣಿಸಿರಲಿಲ್ಲ.

"ಹೊಸ ಸ್ಪ್ರಿಂಗ್ ಹಾಕು. ಮೊದ್ಲು ಹೆಂಗಿತ್ತೋ ಹಂಗೆ. ಭಾನುವಾರ ತಗಂಬಾ, ನಿಮ್ಮಕ್ಕ ಹಾಲು ಹಾಕಕ್ಕೆ ಹೋದಾಗ. ಅವಳಿಗೆ ಇದ್ಯಾವುದೂ ಹೇಳಬ್ಯಾಡ."

ಬೇಡ ಅನ್ನುವ ಬಾಯಿ ನನಗಿರಲಿಲ್ಲ. ಗುಜರಿಯಲ್ಲಿ ಸಿಕ್ಕ ಉಕ್ಕಿನ ಪಟ್ಟಿಯೊಂದನ್ನು ತಂದು, ಕತ್ತರಿಸಿ, ಹದಕ್ಕೆ ಕಾಯಿಸಿ, ಉಜ್ಜಿ, ಮೂರು ದಿನ ಅದೇ ಕೆಲಸ ಮಾಡಿದೆ. ಎರಡು ಹಾಳಾದವು, ಮೂರನೆಯದು ಕೂತಿತು. ಅಲಗನ್ನು ಅವರು ಹೇಳಿಕೊಟ್ಟ ಹಾಗೆಯೇ ಒಂದು ಮಗ್ಗುಲಿಗೆ ಮಸೆದು, ಹಳೆಯ ಬೆಲ್ಟಿನ ಚರ್ಮಕ್ಕೆ ಎಳೆದೆ. ನನ್ನ ಕೈಯಲ್ಲಿ ಆದ ಕೆಲಸಗಳಲ್ಲಿ ಅಷ್ಟು ಚೆನ್ನಾದದ್ದು ಇನ್ನೊಂದಿಲ್ಲ.

ಭಾನುವಾರ ಅಕ್ಕ ಕ್ಯಾನು ಹಿಡಿದು ಬೀದಿ ತಿರುಗುವ ತನಕ ಕಾದು ಒಳಗೆ ಹೋದೆ. ಭಾವ ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಕೂತಿದ್ದರು. ಚಾಕು ಕೊಟ್ಟೆ. ಹೆಬ್ಬೆರಳಿನ ಉಗುರನ್ನು ಗೀರಿಗೆ ಇಡಲು ಹೋದರು. ಉಗುರು ಅಲಗಿನ ಮೇಲೆ ಟಕಟಕ ಬಡಿಯಿತು, ಗೀರಿಗೆ ಕೂರಲಿಲ್ಲ. ಕೈ ಬದಲಾಯಿಸಿದರು. ಕೂತಿತು, ಆದರೆ ಅಲಗು ಏಳಲಿಲ್ಲ. ಹಿಡಿಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಎಳೆದರು. ಹಣೆಯ ವಿಭೂತಿ ಬೆವರಿಗೆ ಕರಗಿತು. ನಾನು ಕೈ ಚಾಚಿದೆ.

"ಬಿಡು" ಅಂದರು.

ಇನ್ನೂ ಎರಡು ಸಲ ಪ್ರಯತ್ನಿಸಿದರು. ಆಮೇಲೆ ಚಾಕುವನ್ನು ಜಗಲಿಯ ಮೇಲೆ ಮೆಲ್ಲಗೆ ಇಟ್ಟರು. "ನೀನೇ ಬಿಚ್ಚು" ಅಂದರು. ಬಿಚ್ಚಿದೆ. ಟಕ್ ಎಂದು ನಿಂತಿತು. ಅಲಗನ್ನು ಬೆಳಕಿಗೆ ತಿರುಗಿಸುವಂತೆ ಹೇಳಿ, ಮುಟ್ಟದೆ, ತುದಿಯಿಂದ ಬುಡದ ತನಕ ನೋಡಿದರು.

"ಚೆನ್ನಾಗಿ ಮಾಡಿದ್ದೀಯ. ಇದು ಹಿಂಗೇ ಇರ್ಬೇಕು. ತಗಂಡೋಗು, ನಿಮ್ಮಕ್ಕ ಬತ್ತಾಳೆ."

ಆಮೇಲೆ ಅವರು ಯಾವತ್ತೂ ಚಾಕುಗಳ ಬಗ್ಗೆ ಕೇಳಲಿಲ್ಲ. ಹೋದಾಗ ಮಳೆ, ಮೋಟಾರು, ಕರೆಂಟಿನ ಮಾತಾಡುತ್ತಿದ್ದರು. ನನ್ನ ಮೇಲೆ ಸಿಟ್ಟಿದ್ದಂತೆ ಕಾಣಲಿಲ್ಲ. ಸಿಟ್ಟಿದ್ದರೆ ವಾಸಿಯಿತ್ತು. ಹೇಳದೆ ಇದ್ದಿದ್ದರೆ ಅವರು ಸೀಬೆ ಗಿಡದ ಹತ್ತಿರ ಆ ಬೆಳಿಗ್ಗೆ ಒಂದು ಸಲ ಸೋತಿರುತ್ತಿದ್ದರು, ಅಷ್ಟೆ. ಹೇಳಿ ನಾನು ಅವರನ್ನು ಎರಡನೇ ಸಲ ಸೋಲಿಸಿದೆ, ಅದೂ ಕ್ಷೌರ ಮಾಡಿಸಿಕೊಂಡು ಕಾದು ಕೂತಿದ್ದವರನ್ನು.

ಮರುವರ್ಷ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟ ಮುರಿದು ಹಾಸಿಗೆ ಹಿಡಿದವರು ಎರಡು ತಿಂಗಳಲ್ಲಿ ಹೋಗಿಬಿಟ್ಟರು. ಶಿವಗಣಾರಾಧನೆಯ ದಿನ ನರ್ಸರಿಯ ಹಳೆಯ ಜನ ಬಂದಿದ್ದರು. ಊಟದ ಮುಂಚೆ ಅವರಲ್ಲೊಬ್ಬರು ಚಾಕುಗಳ ಮಾತೆತ್ತಿದರು. ಅಕ್ಕ ನನ್ನ ಕಡೆ ಕೈ ತೋರಿಸಿ, "ನನ್ ತಮ್ಮ ಕಣ್ರೀ, ಇವನು ತಗಂಡೋಗದೆ ಇದ್ದಿದ್ರೆ ಇನ್ನೂ ಏನೇನಾಗ್ತಿತ್ತೋ. ಬುದ್ಧಿವಂತ. ಅವ್ರಿಗೂ ನೋವಾಗ್ದಂಗೆ ನಡಕಂಡ" ಅಂದಳು. ಎಲ್ಲರೂ ನನ್ನನ್ನು ನೋಡಿ ತಲೆಯಾಡಿಸಿದರು. ನನಗೆ ಆಗ ತಿಳಿಯಿತು: ಭಾವ ಅವಳಿಗೆ ಸ್ಪ್ರಿಂಗಿನ ವಿಷಯ ಏನೂ ಹೇಳಿಲ್ಲ, ಹಾಸಿಗೆಯಲ್ಲಿ ಬಿದ್ದಿದ್ದ ಆ ಎರಡು ತಿಂಗಳಲ್ಲೂ ಹೇಳಿಲ್ಲ.

ಮೂರು ಚಾಕುಗಳನ್ನು ನರ್ಸರಿಯವರಿಗೆ ಕೊಟ್ಟೆ, ಎಣ್ಣೆ ಯಾವುದು, ಮಸೆಯುವುದು ಯಾವ ಮಗ್ಗುಲಿಗೆ ಎಂದೆಲ್ಲ ಹೇಳಿ. ಹಿತ್ತಾಳೆ ಕಟ್ಟಿನದು ಎಲ್ಲಿ ಎಂದು ಅವರು ಕೇಳಲಿಲ್ಲ, ನಾನೂ ತೋರಿಸಲಿಲ್ಲ. ಅಕ್ಕ ಈಗಲೂ ಹಬ್ಬಕ್ಕೆ ಕರೆಯುತ್ತಾಳೆ, ಬಡಿಸುವಾಗ ಅದೇ ಮಾತು ಹೇಳುತ್ತಾಳೆ. ಅವಳಿಗೆ ನಿಜ ಹೇಳಬೇಕೆಂದು ಎಷ್ಟೋ ಸಲ ಬಾಯಿಯ ತನಕ ಬರುತ್ತದೆ. ಹೇಳಿದರೆ ಹಗುರಾಗುವುದು ನಾನು. ಹೊರಬೇಕಾದವಳು ಅವಳು. ಅದನ್ನು ಯೋಚಿಸಿ, ಇನ್ನು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತೇನೆ.