ಬಲಗಾಲನ್ನು ಮರೆಯಲು ಎರಡು ವರ್ಷ

ಬೆಳಗಿನ ಐದೂವರೆ. ಹೆಲಿಕಾಪ್ಟರಿನ ಹೊಟ್ಟೆಯ ಕೆಳಗೆ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತಿದ್ದಾರೆ. ಕೈಯಲ್ಲಿ ಗಾಜಿನ ಬಾಟಲಿ. ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನ ಹಿಡಿಯುತ್ತಾರೆ, ಟಾರ್ಚಿನ ಬೆಳಕಿಗೆ ಎತ್ತಿ ನೋಡುತ್ತಾರೆ, ಅಲ್ಲಾಡಿಸಿ ಮತ್ತೆ ನೋಡುತ್ತಾರೆ. ನೀರಿನ ಹನಿ ಕಂಡರೆ ಆ ಯಂತ್ರ ಏಳುವಂತಿಲ್ಲ. ಹನಿ ಇಲ್ಲ. ಬಾಟಲಿ ಪಕ್ಕಕ್ಕಿಟ್ಟು ಬಕೆಟ್ ಎತ್ತಿಕೊಳ್ಳುತ್ತಾರೆ.

ಯಂತ್ರದ ಮುಂಭಾಗದ ಗಾಜಿಗೆ ನಿನ್ನೆಯ ಹುಳುಗಳೆಲ್ಲ ಅಂಟಿ ಒಣಗಿವೆ. ಅವನ್ನು ನೆನೆಸಿ, ಮೆತ್ತನೆಯ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನಾನೂ ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಒಂದು ಬಟ್ಟೆ ಹಿಡಿದು, ಮನೆಯ ಕಿಟಕಿ ಒರೆಸುವ ಹಾಗೆ ದುಂಡಗೆ ತಿಕ್ಕುತ್ತೇನೆ. "ಅಯ್ಯೋ, ಹಾಗಲ್ಲ, ಹಾಗಲ್ಲ!" ಎಂದು ಬಟ್ಟೆ ಕಸಿದುಕೊಳ್ಳುತ್ತಾರೆ. "ದುಂಡಗೆ ಒರೆಸಿದ್ರೆ ಗೀರೂ ದುಂಡಗೇ ಬೀಳುತ್ತೆ. ಎದುರುಬಿಸಿಲಿಗೆ ಪೈಲಟ್ ಕಣ್ಣಿಗೆ ಬರೀ ಬಳೆ ಕಾಣುತ್ತೆ, ಬೆಟ್ಟ ಕಾಣಲ್ಲ. ನೀವು ಆ ಕಡೆ ನಿಂತ್ಕೊಳ್ಳಿ, ಪುಣ್ಯ ಬರುತ್ತೆ." ನಾನು ತೆಪ್ಪಗೆ ಆ ಕಡೆ ನಿಲ್ಲುತ್ತೇನೆ.

ಪರದೇಶದ ಬೆಟ್ಟಸಾಲಿನ ಬುಡದಲ್ಲಿರುವ ಈ ಹೆಲಿಕಾಪ್ಟರ್ ನೆಲೆಯಲ್ಲಿ ಎಲ್ಲರೂ ಇವರನ್ನು 'ಬಕೆಟ್ ಮೇಡಂ' ಎನ್ನುತ್ತಾರೆ. ನಾಲ್ಕು ಹೆಲಿಕಾಪ್ಟರ್‌ಗಳನ್ನು ದಿನಾ ತೊಳೆಯುವುದು ಇವರೇ. ಇನ್ನೂರು ಲೀಟರಿನ ಹದಿನಾಲ್ಕು ಇಂಧನದ ಪೀಪಾಯಿಗಳನ್ನು ಉರುಳಿಸಿ ತರುವುದು, ಮೇಲಿನ ಕ್ಯಾಂಪುಗಳಿಗೆ ಹೋಗುವ ಮರದ ದಿಮ್ಮಿ, ಸಿಮೆಂಟು, ತಂತಿಯ ಸುರುಳಿಗಳಿಗೆಲ್ಲ ಹೆಲಿಕಾಪ್ಟರಿನಿಂದ ಇಳಿಬಿಟ್ಟ ಕೊಕ್ಕೆ ಸಿಕ್ಕಿಸುವುದೂ ಇವರ ಕೆಲಸವೇ. ತಲೆಯ ಮೇಲೆ ಯಂತ್ರ ಭೋರೆನ್ನುತ್ತಿರುವಾಗ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಸಲ ಅದರ ಕೆಳಗೆ ನಿಲ್ಲಬೇಕು. ಆ ಗಾಳಿಗೆ ನನ್ನ ಟೋಪಿ ಹೋದದ್ದು ಹೋಯಿತು, ಇನ್ನೂ ಪತ್ತೆಯಿಲ್ಲ.

ಇಷ್ಟೆಲ್ಲ ಮಾಡುವ ಬಕೆಟ್ ಮೇಡಂ ಸ್ವತಃ ಪೈಲಟ್. ಊರಿನದೊಂದು, ಇಲ್ಲಿಯದೊಂದು, ಹೀಗೆ ಎರಡು ದೇಶದ ಪರವಾನಗಿ ಇವರ ಟ್ರಂಕಿನಲ್ಲಿದೆ. ವಯಸ್ಸು ಮೂವತ್ತಾರು.

ಊರಿನಲ್ಲಿ ಹಾರುವುದು ಕಲಿತು ಮುಗಿಸಿದಾಗ ಇವರ ಲಾಗ್‌ಬುಕ್ಕಿನಲ್ಲಿ ಇನ್ನೂರ ಹನ್ನೆರಡು ಗಂಟೆಯ ಹಾರಾಟ ಇತ್ತು. ಕೆಲಸ ಕೇಳಿಕೊಂಡು ಹೋದ ಏಳು ಕಂಪನಿಗಳೂ ಒಂದೇ ಮಾತು ಹೇಳಿದವು: ಸಾವಿರ ಗಂಟೆ ತುಂಬಿಸಿಕೊಂಡು ಬನ್ನಿ. "ಹಾರಿಸೋಕೆ ಬಿಟ್ರೆ ತಾನೆ ಗಂಟೆ ತುಂಬೋದು? ಮನೇಲಿ ಮಂಚದ ಮೇಲೆ ಕೂತು ಹಾರಿಸ್ಲಾ ಅಂತ ಕೇಳಿದೆ. ಏಳನೇ ಕಂಪನಿಯವ್ರು ನಕ್ಕರು. ಕೆಲಸ ಮಾತ್ರ ಕೊಡ್ಲಿಲ್ಲ" ಎನ್ನುತ್ತಾರೆ. ಇಲ್ಲಿ ಬೇರೆ ಪದ್ಧತಿ. ಹೊಸಬರು ಒಂದು ಹಂಗಾಮು, ಅಂದರೆ ಏಳು ತಿಂಗಳು, ನೆಲದ ಮೇಲೆ ದುಡಿಯಬೇಕು. ಆಮೇಲೆ ಪ್ರಧಾನ ಪೈಲಟ್ ಪಕ್ಕದಲ್ಲಿ ಕೂತು ಪರೀಕ್ಷೆ ಮಾಡುತ್ತಾರೆ. ಪಾಸಾದರೆ ಪೈಲಟ್ ಸೀಟು.

ಆ ಸೀಟನ್ನು ನಂಬಿ ಇವರ ಪತಿ ಶಾಲೆಯ ಚಿತ್ರಕಲೆ ಮೇಷ್ಟ್ರ ಕೆಲಸ ಬಿಟ್ಟು ಜೊತೆಗೆ ಬಂದರು. ಈಗ ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯೊಂದರಲ್ಲಿ ದಿನಕ್ಕೆ ನಾನೂರು ಹಾಸಿಗೆ ಹೊದಿಕೆ ಮಡಚುತ್ತಾರೆ. "ಮೊದಲು ಮಕ್ಕಳಿಗೆ ಮೋಡ ಬರೆಯೋದು ಹೇಳ್ಕೊಡ್ತಿದ್ದೆ, ಈಗ ಮೋಡ ಮಡಚ್ತಿದ್ದೀನಿ" ಎಂದು ಮೇಷ್ಟ್ರು ನಗುತ್ತಾರೆ. ಅವರ ಬೆರಳ ತುದಿಗಳು ಸೋಪಿಗೆ ಬಿರಿದಿವೆ. ಅದನ್ನು ನಾನು ನೋಡಿದ್ದನ್ನು ಕಂಡು ಕೈ ಜೇಬಿಗೆ ಹಾಕಿಕೊಳ್ಳುತ್ತಾರೆ.

ಸಮಸ್ಯೆ ಆದದ್ದು ಕಾಲಿನಿಂದ. ತಲೆಯ ಮೇಲಿನ ರೆಕ್ಕೆ ಒಂದು ಕಡೆ ತಿರುಗಿದರೆ ಹೆಲಿಕಾಪ್ಟರಿನ ಮೈ ಇನ್ನೊಂದು ಕಡೆ ತಿರುಗಲು ಹೊರಡುತ್ತದೆ. ನೆಲ ಬಿಡುವಾಗ ಪೆಡಲ್ ಒತ್ತಿ ಅದನ್ನು ನೇರ ಹಿಡಿಯಬೇಕು. ಇವರು ಕಲಿತ ಯಂತ್ರದಲ್ಲಿ ಬಲಗಾಲು ಒತ್ತಬೇಕಿತ್ತು. ಈ ಕಂಪನಿಯ ಯಂತ್ರಗಳ ರೆಕ್ಕೆ ತಿರುಗುವುದು ಉಲ್ಟಾ, ಹಾಗಾಗಿ ಒತ್ತಬೇಕಾದದ್ದು ಎಡಗಾಲು. ಹೋದ ವರ್ಷದ ಪರೀಕ್ಷೆಯಲ್ಲಿ ಪ್ರಧಾನ ಪೈಲಟ್ ಇದ್ದಕ್ಕಿದ್ದಂತೆ "ಎಬ್ಬಿಸಿ, ಬೇಗ" ಎಂದಾಗ ಇವರ ಬಲಗಾಲು ಒತ್ತಿಬಿಟ್ಟಿತು. ಹೆಲಿಕಾಪ್ಟರ್ ಗರ್ರನೆ ಅರ್ಧ ಸುತ್ತು ತಿರುಗಿತು. ಸಾಹೇಬರು ತಾವೇ ಹಿಡಿದು ಕೆಳಗಿಳಿಸಿದರು.

"ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರ್ಲಿಲ್ಲ" ಎನ್ನುತ್ತಾರೆ. "ಏನಾಯ್ತು ಅಂತ ಕೇಳಿದ್ರು. ಗಾಳಿ ಬೀಸ್ತು ಸರ್ ಅಂದ್ಬಿಟ್ಟೆ. ಆವತ್ತು ಒಂದು ಎಲೆನೂ ಅಲ್ಲಾಡ್ತಿರ್ಲಿಲ್ಲ. ಅವರು ಮುಂದಿನ ವರ್ಷ ನೋಡೋಣ ಅಂತ ಇಳಿದು ಹೋದ್ರು."

ಮುಂದಿನ ವರ್ಷ ಎಂದರೆ ಈ ವರ್ಷ. ಇವರ ಕೆಲಸದ ವೀಸಾ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಸೀಟು ಸಿಕ್ಕರೆ ಕಂಪನಿ ಅದನ್ನು ಮುಂದುವರಿಸುತ್ತದೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ನೆಲದ ಕೆಲಸಕ್ಕೆ ಮೂರನೇ ಹಂಗಾಮು ಯಾರನ್ನೂ ಇಟ್ಟುಕೊಳ್ಳುವುದಿಲ್ಲ.

ಹಾಗಾಗಿ ಮೇಷ್ಟ್ರು ಮತ್ತೆ ಮೇಷ್ಟ್ರಾಗಿದ್ದಾರೆ. ಅವರ ಎರಡನೇ ಮಹಡಿಯ ಅಡುಗೆಮನೆಯಲ್ಲಿ ಒಂದು ಕುರ್ಚಿ, ಅದರ ಮುಂದೆ ಸುತ್ತಿಟ್ಟ ಎರಡು ಟವೆಲ್. ಅವೇ ಪೆಡಲ್‌ಗಳು. ಹೆಂಡತಿ ಕೂತಿರಲಿ, ತರಕಾರಿ ಹೆಚ್ಚುತ್ತಿರಲಿ, ಹಲ್ಲುಜ್ಜುತ್ತಿರಲಿ, ಗಂಡ ಎಲ್ಲಿಂದಲಾದರೂ "ಏಳು!" ಎಂದು ಕೂಗುತ್ತಾರೆ. ತಕ್ಷಣ ಎಡಗಾಲು ಒತ್ತಬೇಕು. ಹನ್ನೊಂದು ತಿಂಗಳಿಂದ ಇದೇ ಪಾಠ. ಕೆಳಗಿನ ಮನೆಯ ಅಜ್ಜಿ ಒಂದು ದಿನ ಮೇಲೆ ಬಂದು, "ಯಾರನ್ನಪ್ಪಾ ತುಳೀತಿರೋದು?" ಎಂದು ಕೇಳಿದ್ದರಂತೆ. ವಿಷಯ ತಿಳಿದ ಮೇಲೆ ಅವರೂ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ "ಏಳು!" ಎನ್ನುತ್ತಾರೆ. ಈ ಮನೆಯಲ್ಲಿ ಕೂತು ಚಹಾ ಕುಡಿದ ಒಂದು ಗಂಟೆಯಲ್ಲಿ ನಾನೇ ನಾಲ್ಕು ಸಲ ಬೆಚ್ಚಿದ್ದೇನೆ.

ಪರೀಕ್ಷೆ ಗುರುವಾರ ಬೆಳಿಗ್ಗೆ. ಮೇಷ್ಟ್ರು ರಜೆ ಹಾಕಿ ಬಂದು ಬೇಲಿಯ ಹತ್ತಿರ ನಿಂತಿದ್ದಾರೆ. ನನ್ನ ಜೊತೆ ಹವಾಮಾನದ ಬಗ್ಗೆ ಮಾತಾಡುತ್ತಾರೆ, ಅರ್ಧಕ್ಕೇ ಮರೆಯುತ್ತಾರೆ. ಬಕೆಟ್ ಮೇಡಂ ಇವತ್ತು ಎಡಸೀಟೋ ಬಲಸೀಟೋ ಎಂದು ನಾನು ಕೇಳಿದ ಪ್ರಶ್ನೆ ಅವರ ಕಿವಿಗೆ ಬೀಳುವುದೇ ಇಲ್ಲ. ರೆಕ್ಕೆ ತಿರುಗತೊಡಗುತ್ತದೆ, ಧೂಳು ಏಳುತ್ತದೆ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಥಟ್ಟನೆ ಯಂತ್ರ ನೆಲ ಬಿಡುತ್ತದೆ. ಅದರ ಮೂಗು ಒಂದು ಗೇಣೂ ಅತ್ತಿತ್ತ ಹೋಗುವುದಿಲ್ಲ. ಪಕ್ಕಕ್ಕೆ ನೋಡಿದರೆ ಮೇಷ್ಟ್ರ ಎಡಗಾಲಿನ ಬೂಟು ಜಲ್ಲಿಯಲ್ಲಿ ಹೂತುಕೊಂಡಿದೆ. ನನಗೆ ಕಣ್ಣು ತುಂಬಿ ಬರುತ್ತದೆ. ಧೂಳು ಎಂದು ಸುಳ್ಳು ಹೇಳುವುದಿಲ್ಲ.

ಐವತ್ತು ನಿಮಿಷದ ನಂತರ ಯಂತ್ರ ನೆಲಕ್ಕಿಳಿದು ರೆಕ್ಕೆ ನಿಲ್ಲುತ್ತದೆ. ಪ್ರಧಾನ ಪೈಲಟ್ ಬಾಗಿಲು ತೆರೆದು, ಕೂತಲ್ಲೇ ಕಾಗದ ಸಿಕ್ಕಿಸಿದ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸಹಿ ಹಾಕಲು ಪೆನ್ನು ತೆಗೆಯುತ್ತಾರೆ. ನಾವಿಬ್ಬರೂ ಬೇಲಿ ದಾಟಿ ಹತ್ತಿರ ಹೋಗಿದ್ದೇವೆ. ಅಷ್ಟರಲ್ಲಿ ಮೇಡಂ ಬಾಯಿ ಬಿಡುತ್ತಾರೆ.

"ಸರ್, ಒಂದು ಮಾತು. ಮೊದಲ ಸಲ ಎಬ್ಬಿಸುವಾಗ ಬಲಗಾಲು ಅಲ್ಲಾಡ್ತು. ಒತ್ತಲಿಲ್ಲ, ಆದ್ರೆ ಹೊರಟಿತ್ತು. ನಾನೇ ತಡೆದೆ."

ಪೆನ್ನು ನಿಲ್ಲುತ್ತದೆ. ಮೇಷ್ಟ್ರು ಹೆಂಡತಿಯ ಕಡೆ ಬಾಗುತ್ತಾರೆ. "ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತೇ ನಿಂಗೆ?" ಎಂದು ಪಿಸುಗುಡುತ್ತಾರೆ. ಹನ್ನೊಂದು ತಿಂಗಳು ಕೂಗಿದ ಗಂಟಲಿನಿಂದ ಅಷ್ಟೇ ಧ್ವನಿ ಬರುತ್ತದೆ.

ಪ್ರಧಾನ ಪೈಲಟ್ ಮಿತಭಾಷಿ. ನೆಲೆಯಲ್ಲಿ ಅವರ ನಗು ನೋಡಿದವರು ಕಡಿಮೆ. "ನಾನೂ ಹೊರಗಿಂದ ಬಂದವನೇ" ಎನ್ನುತ್ತಾರೆ. "ನಿಮ್ಮ ಹಾಗೇ ಬಲಗಾಲಲ್ಲಿ ಕಲಿತವನು. ಇಪ್ಪತ್ತಾರು ವರ್ಷ ಆಯ್ತು, ಇವತ್ತಿಗೂ ಒಂದೊಂದು ದಿನ ಅಲ್ಲಾಡುತ್ತೆ. ಹೋದ ವರ್ಷ ಕಾಲು ತಪ್ಪಿದ್ದಕ್ಕೆ ನಾನು ಬೇಡ ಅನ್ಲಿಲ್ಲ. ಗಾಳಿ ಅಂದ್ರಲ್ಲ, ಅದಕ್ಕೆ ಬೇಡ ಅಂದೆ." ಸಹಿ ಹಾಕಿ ಹಲಗೆಯನ್ನು ಮೇಡಂ ಕೈಗಿಟ್ಟು, ಚಹಾ ಕುಡಿಯಲು ಹೊರಟುಹೋಗುತ್ತಾರೆ.

ಮೇಷ್ಟ್ರು ಅಲ್ಲೇ ಜಲ್ಲಿಯ ಮೇಲೆ ಕೂತುಬಿಡುತ್ತಾರೆ. ಮೇಡಂ ಅವರ ಪಕ್ಕ ಕೂತು, "ಏಳ್ರೀ, ಪ್ಯಾಂಟ್ ಕೊಳೆ ಆಗುತ್ತೆ" ಎನ್ನುತ್ತಾರೆ. ಇಬ್ಬರೂ ಏಳುವುದಿಲ್ಲ. ನಾನು ಸ್ವಲ್ಪ ದೂರ ಹೋಗಿ, ಇಲ್ಲದ ಕೆಲಸ ಹುಡುಕಿಕೊಂಡು ಪುಸ್ತಕದಲ್ಲಿ ಏನೋ ಗೀಚುತ್ತೇನೆ.

ಮೇಡಂಗೆ ನಾಳೆ ಬೆಳಿಗ್ಗೆಯೇ ಪೈಲಟ್ ಆಗಿ ಮೊದಲ ಕೆಲಸ: ತಂತಿ ದುರಸ್ತಿ ಮಾಡುವ ನಾಲ್ವರನ್ನು ಮೇಲಿನ ಕ್ಯಾಂಪಿಗೆ ಬಿಟ್ಟು ಬರಬೇಕು. ನಾನು ಊರಿಗೆ ಹೊರಡುವ ಮುನ್ನ, ಪತ್ರಿಕೆಯವರು ಕೇಳಲೇಬೇಕಾದ ಪ್ರಶ್ನೆಯನ್ನು ಕೇಳುತ್ತೇನೆ. ಇನ್ನು ಮುಂದೆ ಏನಾಸೆ?

ಮೇಡಂ ಬಕೆಟ್ ಎತ್ತಿಕೊಳ್ಳುತ್ತಾರೆ. "ಆ ನಾಲ್ಕು ಜನ ಮೇಲೆ ಇಳಿದು, ತಮ್ಮ ಸಾಮಾನು ತಗೊಂಡು, ತಮ್ಮ ಪಾಡಿಗೆ ತಾವು ಮಾತಾಡ್ಕೊಂಡು ಹೋಗ್ಬೇಕು. ಕರ್ಕೊಂಡು ಬಂದಿದ್ದು ಯಾರು ಅಂತ ತಿರುಗಿನೂ ನೋಡ್ಬಾರ್ದು. ಅಷ್ಟು ಚೆನ್ನಾಗಿ ಇಳಿಸ್ಬೇಕು."